ಮಾಲೂರಿನಿಂದ ಬಂದ ಮನೆ

ನನ್ನ ವಾರಗಿತ್ತಿಯ ಮನೆ ಲಾರಿಯ ಮೇಲೆ ಬಂದ ದಿನ ನಾನು ಮೈ ಹುಷಾರಿಲ್ಲವೆಂದು ಹೇಳಿ ಶಾಲೆಗೆ ರಜೆ ಹಾಕಿದ್ದೆ. ಅದು ಪೂರ್ತಿ ಸುಳ್ಳೇನೂ ಅಲ್ಲ. ಆ ಮನೆ ನೋಡಲು ಮಾಲೂರಿಗೆ ಹೋಗಿ ಬಂದಾಗಿನಿಂದ ಎದೆಯಲ್ಲಿ ಉರಿ ಇತ್ತು, ಮಜ್ಜಿಗೆ ಕುಡಿದರೂ ಹೋಗದ ಉರಿ. ಅದಕ್ಕೆ ಹೊಟ್ಟೆಕಿಚ್ಚು ಎನ್ನುತ್ತಾರೆಂದು ಹೈಸ್ಕೂಲು ಮಕ್ಕಳಿಗೆ ಕನ್ನಡ ಪಾಠ ಮಾಡುವ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಪದವನ್ನು ನನಗೇ ಹಚ್ಚಿಕೊಳ್ಳಲು ಮನಸ್ಸಿರಲಿಲ್ಲ, ಅಷ್ಟೇ.

ನಮ್ಮೂರು ಕೋಲಾರ ತಾಲ್ಲೂಕಿನಲ್ಲಿ, ಕ್ಯಾಲನೂರಿನ ಆಚೆ. ನನ್ನ ತವರು ಮುಳಬಾಗಿಲು. ಮದುವೆಯಾಗಿ ಬಂದಾಗ ಗಂಡನ ಮನೆಗೆ ಕಲ್ಲುಚಪ್ಪಡಿಯ ಮಾಡು, ಮಣ್ಣಿನ ಗೋಡೆ. ರೇಷ್ಮೆ ಹುಳು ಸಾಕುವ ಮನೆತನ. ಹುಳು ಇದ್ದಷ್ಟು ದಿನ ಮನೆ ಹುಳುಗಳದ್ದು, ನಾವು ಅವುಗಳ ಬಾಡಿಗೆದಾರರು. ನಡುಮನೆಯಲ್ಲಿ ತಟ್ಟೆಗಳ ಸಾಲು, ಮೂಲೆಯಲ್ಲಿ ಹಿಪ್ಪುನೇರಳೆ ಸೊಪ್ಪಿನ ರಾಶಿ, ನಾವು ಮಲಗುವುದು ಜಗುಲಿಯಲ್ಲಿ. ಹೊಸ ಮದುಮಗಳಾಗಿ ನಾನು ಜಗುಲಿಯ ಮೇಲೆ ಮಲಗಿ, ಒಂದು ದಿನ ಹುಳುವಿಲ್ಲದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತೇನೆ ಎಂದುಕೊಳ್ಳುತ್ತಿದ್ದೆ.

ಆ ಮನೆಯನ್ನು ನಾವು ಕಟ್ಟಿದೆವು. ಹಳೆಯದನ್ನು ಕೆಡವಿ, ಅದೇ ಜಾಗದಲ್ಲಿ, ರಸ್ತೆಗೆ ಮುಖ ಮಾಡಿ. ಒಂದು ಬೆಳೆ ಕೈಗೆ ಬಂದರೆ ಪಾಯ, ಇನ್ನೊಂದು ಬಂದರೆ ಗೋಡೆ, ನನ್ನ ಸಂಬಳ ಸೇರಿದರೆ ಮೇಲಿನ ಕಾಂಕ್ರೀಟಿನ ಮೋಲ್ಡು. ನಡುವೆ ಮರಳು ಸಿಗದೆ ನಿಂತಿತು, ಮೇಸ್ತ್ರಿ ಬೇರೆ ಕೆಲಸ ಹಿಡಿದುಕೊಂಡು ಹೋದದ್ದಕ್ಕೆ ನಿಂತಿತು, ಮಾವ ತೀರಿಕೊಂಡ ವರ್ಷ ಸೂತಕವೆಂದು ನಿಂತಿತು. ಇಟ್ಟಿಗೆ ಮಾಲೂರಿನದು. ಇಟ್ಟಿಗೆ ಸುಡುವ ಗೂಡಿನಿಂದ ತಂದದ್ದನ್ನು ಯಜಮಾನರು ಕೈಯಲ್ಲಿ ಹಿಡಿದು ಒಂದಕ್ಕೊಂದು ತಟ್ಟಿ ಶಬ್ದ ಕೇಳಿ, ಸರಿಯಾಗಿದೆ ಎಂದು ತಲೆಯಾಡಿಸುತ್ತಿದ್ದರು. ಕಂಬಗಳು ಎದ್ದಾಗ ಊರವರು ಬಂದು ನೋಡಿದರು. ಗೃಹಪ್ರವೇಶದ ದಿನ ನಮ್ಮತ್ತೆ ಹೊಸ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದರು. ಬಂದವರಿಗೆಲ್ಲ, ನಮ್ಮ ದೊಡ್ಡ ಸೊಸೆ ಕಾಲದಲ್ಲಿ ಆದ ಮನೆ ಎಂದು ಹೇಳಿದರು.

ನನ್ನ ಕಾಲದಲ್ಲಿ ಆದ ಮನೆ, ನಿಜ. ಆದರೆ ಎಲ್ಲಿ ಏನು ಇರಬೇಕೆಂದು ನನ್ನನ್ನು ಯಾರೂ ಕೇಳಿರಲಿಲ್ಲ. ವಾಸ್ತು ನೋಡುವವರು ಅಡುಗೆಮನೆ ಆಗ್ನೇಯಕ್ಕೆ ಎಂದರು. ಆಗ್ನೇಯಕ್ಕೆ ಪಕ್ಕದವರ ಕೊಟ್ಟಿಗೆಯ ಗೋಡೆ ಅಡ್ಡವಿತ್ತು. ಕಿಟಕಿ ಇಟ್ಟರೆ ಅವರ ಗೋಡೆಯೇ ಕಾಣುತ್ತದೆ, ಗಂಜಲದ ವಾಸನೆ ಬೇರೆ ಎಂದು ಮೇಸ್ತ್ರಿ ಮೇಲೆ ಒಂದು ಗಾಳಿಕಿಂಡಿ ಬಿಟ್ಟು ಮುಚ್ಚಿಬಿಟ್ಟ. ನಾನು ಶಾಲೆ ಮುಗಿಸಿ ಬರುವಷ್ಟರಲ್ಲಿ ಗೋಡೆ ಎದ್ದಿತ್ತು. ಹಗಲು ಹೊತ್ತಿನಲ್ಲೂ ಲೈಟು ಹಾಕಿಕೊಂಡು ಅಡುಗೆ ಮಾಡಬೇಕು. ಆಗ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ಮನೆ ಆಯಿತಲ್ಲ ಎಂಬ ಸಂತೋಷವೇ ಬೆಟ್ಟದಷ್ಟಿತ್ತು.

ಮೈದುನ ಮತ್ತು ಅವನ ಹೆಂಡತಿ ನಮ್ಮ ಮನೆಯ ಪಕ್ಕದಲ್ಲಿ, ಹೊಸದಾಗಿ ಕಟ್ಟಿದ ಹುಳುಮನೆಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿ ಇದ್ದರು. ಅವಳು ಶ್ರೀನಿವಾಸಪುರದ ಆಚೆ ರಾಯಲ್ಪಾಡಿನವಳು. ಮನೆಮಾತು ತೆಲುಗು. ನಮ್ಮ ಮನೆಗೆ ಬಂದಾಗ ಕನ್ನಡ ಮಾತಾಡಿದರೆ ಅರ್ಧ ತೆಲುಗೇ ಬರುತ್ತಿತ್ತು. ಓದಿದ್ದು ಏಳನೇ ತರಗತಿ. ಹುಳು ಸಾಕುವುದರಲ್ಲಿ ಮಾತ್ರ ಅವಳ ಕೈಗುಣ ಯಾರಿಗೂ ಬರಲಿಲ್ಲ. ನಾನು ಅವಳನ್ನು ತಂಗಿಯಂತೆ ನೋಡಿಕೊಂಡಿದ್ದೇನೆಂದು ಎಲ್ಲರಿಗೂ ಹೇಳುತ್ತಿದ್ದೆ, ನಾನೂ ಅದನ್ನೇ ನಂಬಿದ್ದೆ. ಈಗ ಯೋಚಿಸಿದರೆ, ಅವಳು ಎಲ್ಲದರಲ್ಲೂ ನನಗಿಂತ ಒಂದು ಮೆಟ್ಟಿಲು ಕೆಳಗಿದ್ದುದು ಆ ಪ್ರೀತಿಯನ್ನು ಸುಲಭ ಮಾಡಿತ್ತು.

ಅವಳ ಮಗಳಿಗೆ ಉಬ್ಬಸ ಶುರುವಾಯಿತು. ಹುಳುಮನೆಯಲ್ಲಿ ಸುಣ್ಣದ ಪುಡಿ ಎರಚುತ್ತಾರೆ, ಬೆಳೆಗೂ ಬೆಳೆಗೂ ನಡುವೆ ಔಷಧಿ ಹೊಡೆಯುತ್ತಾರೆ. ಆ ಘಾಟಿಗೆ ದೊಡ್ಡವರಿಗೇ ಕಣ್ಣಲ್ಲಿ ನೀರು ಬರುತ್ತದೆ. ಕೋಲಾರದ ಡಾಕ್ಟರು, ಮಗುವನ್ನು ಆ ಗೋಡೆಯ ಪಕ್ಕದಿಂದ ಮೊದಲು ಎಬ್ಬಿಸಿ ಎಂದರು. ಎಬ್ಬಿಸಿ ಎಲ್ಲಿಗೆ ಕರೆದುಕೊಂಡು ಹೋಗುವುದು? ನಮ್ಮ ಮನೆಯಲ್ಲಿ ಇರಲಿ ಎಂದೆ. ಕೆಲವು ದಿನ ಇದ್ದಳು. ತಾಯಿ ಇಲ್ಲದೆ ಮಗು ನಿಲ್ಲಲಿಲ್ಲ. ಬೇರೆ ಮನೆ ಕಟ್ಟೋಣವೆಂದರೆ ನಮ್ಮ ಮನೆ ಎಷ್ಟು ಎಳೆದಾಡಿತೆಂದು ಮೈದುನ ಕಣ್ಣಾರೆ ಕಂಡಿದ್ದ.

ಆಗ ಅವಳೇ ಒಂದು ಮಾತು ತೆಗೆದಳು. ರಾಯಲ್ಪಾಡಿನಲ್ಲಿ ಅವಳ ಅಣ್ಣ ಮಾವಿನ ತೋಪಿನ ಕಾವಲಿಗೆಂದು ಒಂದು ರೂಮನ್ನು ಹಾಗೇ ಲಾರಿಯಲ್ಲಿ ತಂದು ಇಳಿಸಿಕೊಂಡಿದ್ದನಂತೆ. ಅಂಥವನ್ನು ಮಾಡುವವರು ಮಾಲೂರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಇದ್ದಾರೆ, ಪೂರ್ತಿ ಮನೆಯನ್ನೂ ಮಾಡಿಕೊಡುತ್ತಾರೆ ಎಂದು ಅಣ್ಣ ಹೇಳಿದ್ದ. ನಮ್ಮತ್ತೆ ಕೇಳಿದ ಕೂಡಲೇ ಬೇಡವೆಂದರು. ಯಜಮಾನರು ನಕ್ಕರು. ನಾನೂ ನಕ್ಕೆ. ಮೈದುನ ಮಾತ್ರ ಹೆಂಡತಿಯ ಮುಖ ನೋಡಿ, ಹೋಗಿ ನೋಡಿಕೊಂಡು ಬರೋಣ ಎಂದ.

ಹೊರಡುವ ದಿನ ಅವಳು ನನ್ನನ್ನೂ ಕರೆದಳು. ಅಲ್ಲಿಯವರು ಇಂಗ್ಲಿಷಿನಲ್ಲಿ ಮಾತಾಡಿದರೆ ನನಗೇನು ಗೊತ್ತಾಗುತ್ತದೆ ಅಕ್ಕಾ, ನೀವು ಜೊತೆಗಿರಿ ಎಂದಳು. ನಾನು ದೊಡ್ಡವಳಂತೆ ಹೊರಟೆ.

ದೊಡ್ಡ ಶೆಡ್ಡು. ಒಳಗೆ ಮನೆಗಳು ಸಾಲಾಗಿ ನಿಂತಿದ್ದವು, ನೆಲಕ್ಕೆ ಸಂಬಂಧವೇ ಇಲ್ಲದಂತೆ, ಕಬ್ಬಿಣದ ಕಾಲುಗಳ ಮೇಲೆ. ಒಂದಕ್ಕೆ ಇನ್ನೂ ಬರೀ ಕಬ್ಬಿಣದ ಎಲುಬು. ಪಕ್ಕದ್ದಕ್ಕೆ ಒಂದು ಕಡೆಯ ಚರ್ಮ ಹೊದಿಸಿದ್ದರು. ಹೊರಗೊಂದು ಸಿಮೆಂಟಿನ ಹಲಗೆ, ಒಳಗೊಂದು ಹಲಗೆ, ನಡುವೆ ಬಿಸಿಲು ತಡೆಯಲು ಹತ್ತಿಯಂಥ ದಪ್ಪ ಹಾಸು. ಕರೆಂಟಿನ ವೈರು, ನೀರಿನ ಪೈಪು ಎಲ್ಲ ಗೋಡೆಯೊಳಗೆ ಮೊದಲೇ ಹೋಗಿದ್ದವು. ಇನ್ನೊಂದರಲ್ಲಿ ಬಚ್ಚಲಿನ ಟೈಲ್ಸ್ ಕೂಡ ಕೂತಿತ್ತು. ಮಳೆ ಬರಲಿ ಬಿಸಿಲಿರಲಿ ಕೆಲಸ ನಿಲ್ಲುವಂತಿಲ್ಲ, ಎಲ್ಲ ಮಾಡಿನ ಕೆಳಗೆ. ಮನೆ ದೊಡ್ಡದಾದರೆ ರಸ್ತೆಯಲ್ಲಿ ಹೋಗಲಾರದು, ಆದ್ದರಿಂದ ಎರಡು ತುಂಡು ಮಾಡಿ ತಂದು ಜಾಗದಲ್ಲಿ ಬೋಲ್ಟು ಬಿಗಿದು ಒಂದು ಮಾಡುತ್ತೇವೆ ಎಂದು ಅಲ್ಲಿಯ ಇಂಜಿನಿಯರ್ ಹುಡುಗಿ ವಿವರಿಸಿದಳು. ಅಚ್ಚ ಕನ್ನಡದಲ್ಲೇ ವಿವರಿಸಿದಳು. ನನ್ನ ಇಂಗ್ಲಿಷಿನ ಅಗತ್ಯವೇ ಬೀಳಲಿಲ್ಲ.

ಆಮೇಲೆ ಅವಳು ನಮ್ಮನ್ನು ಒಂದು ಖಾಲಿ ಜಾಗಕ್ಕೆ ಕರೆದುಕೊಂಡು ಹೋಗಿ, ನೆಲದ ಮೇಲೆ ಸೀಮೆಸುಣ್ಣದಿಂದ ಮನೆಯಷ್ಟೇ ಅಳತೆಯ ಗೆರೆ ಹಾಕಿದಳು. ಇಲ್ಲಿ ಬಾಗಿಲು, ಇಲ್ಲಿ ಕೋಣೆ. ನನ್ನ ವಾರಗಿತ್ತಿಯ ಕಡೆ ತಿರುಗಿ ಕೇಳಿದಳು:

"ಒಲೆ ಎಲ್ಲಿ ಬೇಕು ನಿಮ್ಗೆ?"

ವಾರಗಿತ್ತಿ ಗಂಡನ ಮುಖ ನೋಡಿದಳು. ಅವನು ನೀನೇ ಹೇಳು ಎಂಬಂತೆ ಕೈ ತೋರಿಸಿದ. ಅವಳು ಚಪ್ಪಲಿ ಬಿಟ್ಟು ಗೆರೆಯ ಒಳಗೆ ಕಾಲಿಟ್ಟಳು. ಒಂದು ಕಡೆ ನಿಂತಳು, ತಿರುಗಿದಳು, ಇನ್ನೊಂದು ಕಡೆ ಹೋಗಿ ನಿಂತು ಗಾಳಿಯಲ್ಲಿ ಸೌಟು ತಿರುಗಿಸಿದಳು.

"ಇಲ್ಲಿ. ನಾನು ಇಲ್ಲಿ ನಿಂತ್ರೆ ಎದುರಿಗೆ ಕಿಟಕಿ ಇರ್ಬೇಕು. ಮಗು ಆಡೋದು ಕಾಣ್ಬೇಕು, ಹಸು ಕಾಣ್ಬೇಕು."

ಇಂಜಿನಿಯರ್ ಹುಡುಗಿ ಕಾಲಿನಿಂದ ಗೆರೆ ಉಜ್ಜಿ, ಅವಳು ತೋರಿಸಿದ ಕಡೆಗೆ ಎಳೆದಳು. ಕಿಟಕಿ ಎಷ್ಟು ಎತ್ತರದಲ್ಲಿರಬೇಕೆಂದು ಕೇಳಿದಳು. ವಾರಗಿತ್ತಿ ಕುಳ್ಳಿ. ತನ್ನ ಎದೆಯ ಮಟ್ಟಕ್ಕೆ ಕೈ ಇಟ್ಟು ತೋರಿಸಿದಳು. ಅದೂ ಗುರುತಾಯಿತು.

ನಾನು ಗೆರೆಯ ಹೊರಗೆ ವ್ಯಾನಿಟಿ ಬ್ಯಾಗು ಹಿಡಿದುಕೊಂಡು ನಿಂತಿದ್ದೆ. ಉರಿ ಹತ್ತಿದ್ದು ಅಲ್ಲಿ, ಆ ಕ್ಷಣದಲ್ಲಿ. ಬರುವಾಗ ದಾರಿಯುದ್ದಕ್ಕೂ ಅವಳು ಬೀರು ಎಲ್ಲಿಡಬೇಕು, ದೇವರ ಗೂಡು ಎಲ್ಲಿಡಬೇಕು ಎಂದು ಮಾತಾಡುತ್ತಲೇ ಇದ್ದಳು. ನಾನು ತಲೆನೋವೆಂದು ಕಣ್ಣು ಮುಚ್ಚಿಕೊಂಡೆ.

ಮನೆಗೆ ಬಂದ ಮೇಲೆ ಅದನ್ನು 'ಡಬ್ಬಿ ಮನೆ' ಎಂದು ಮೊದಲು ಕರೆದವಳು ನಾನೇ. ಡೈರಿಯಲ್ಲಿ ಹಾಲು ಹಾಕಲು ನಿಂತ ಹೆಂಗಸರ ಮುಂದೆ ಅಂದೆ, ಅಲ್ಲಿಂದ ಊರೆಲ್ಲ ಹರಡಿತು. ಗಾಳಿ ಬಂದರೆ ಹಾರಿಹೋಗುತ್ತದೆ ಎಂದು ಯಾರೋ ಅಂದರು, ನಾನು ಅಲ್ಲಗಳೆಯಲಿಲ್ಲ. ಗೋಡೆಗೆ ಮೊಳೆ ಹೊಡೆಯಲು ಬರುವುದಿಲ್ಲವಂತೆ, ಒಳಗೆ ಕಬ್ಬಿಣ ಎಲ್ಲಿದೆಯೋ ಹುಡುಕಿ ಅಲ್ಲೇ ಸ್ಕ್ರೂ ಹಾಕಬೇಕಂತೆ ಎಂದು ನಾನೇ ಹೇಳಿದೆ. ಅದು ನಿಜವೂ ಹೌದು. ಮಾರಲು ಹೋದರೆ ಇಟ್ಟಿಗೆ ಮನೆಯಷ್ಟು ಬೆಲೆ ಬರುವುದಿಲ್ಲ ಎಂದೂ ಹೇಳಿದೆ. ಅದು ನಿಜವೋ ಸುಳ್ಳೋ ನನಗೆ ಗೊತ್ತಿರಲಿಲ್ಲ.

ಅತ್ತ ಮಾಲೂರಿನಲ್ಲಿ ಮನೆ ತಯಾರಾಗುತ್ತಿದ್ದಾಗಲೇ ಇತ್ತ ನಮ್ಮ ಮನೆಯ ಇನ್ನೊಂದು ಪಕ್ಕ, ಹುಳುಮನೆಯಿಂದ ದೂರದ ಖಾಲಿ ಜಾಗದಲ್ಲಿ ಮೊಣಕಾಲೆತ್ತರದ ಕಾಂಕ್ರೀಟು ಕಂಬಗಳನ್ನು ಹಾಕಿದರು. ಅಷ್ಟೇ ಪಾಯ. ಎರಡೂ ಕೆಲಸ ಒಟ್ಟಿಗೆ ನಡೆದದ್ದರಿಂದ ದಿನ ಉಳಿಯಿತು. ನಮ್ಮ ಮನೆಯಲ್ಲಿ ಒಂದು ಮುಗಿಯುವವರೆಗೆ ಇನ್ನೊಂದು ಕಾಯುತ್ತಿತ್ತು.

ಮನೆ ಬಂದ ದಿನ ಬೆಳಿಗ್ಗೆಯೇ ಊರಬಾಗಿಲಲ್ಲಿ ಜನ ಸೇರಿದ್ದರು. ಟಾರ್ಪಾಲು ಹೊದ್ದ ಅರ್ಧ ಮನೆ ಒಂದು ಉದ್ದನೆಯ ಲಾರಿಯ ಮೇಲೆ, ಉಳಿದರ್ಧ ಹಿಂದಿನ ಲಾರಿಯ ಮೇಲೆ, ಕ್ರೇನು ಮುಂದೆ. ಬೇವಿನ ಮರದ ಕೊಂಬೆಯೊಂದು ಅಡ್ಡ ಬಂತು, ಕಡಿದರು. ಕರೆಂಟಿನ ತಂತಿ ತಗ್ಗಿತ್ತು, ಲೈನ್‌ಮನ್ ಬಂದು ಲೈನು ನಿಲ್ಲಿಸುವವರೆಗೆ ಲಾರಿ ನಿಂತಿತು. ನಾನು ನಮ್ಮ ತಾರಸಿಯ ಮೇಲೆ ನಿಂತು, ಇಲ್ಲೇ ಸಿಕ್ಕಿಕೊಳ್ಳಲಿ, ಹಿಂದಕ್ಕೆ ಹೋಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ಯಾವ ದೇವರನ್ನು ಬೇಡಿದೆನೋ ನೆನಪಿಲ್ಲ.

ಸಿಕ್ಕಿಕೊಳ್ಳಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಮೊದಲ ಅರ್ಧ ಗಾಳಿಯಲ್ಲಿ ತೂಗಾಡುತ್ತ ಬಂದು ಕಂಬಗಳ ಮೇಲೆ ಕೂತಿತು. ಅದರ ಒಂದು ಪಕ್ಕ ತೆರೆದಿತ್ತು. ಬಚ್ಚಲು, ಅಡುಗೆಮನೆಯ ಕಟ್ಟೆ, ಗೋಡೆಯ ಸ್ವಿಚ್ಚು ಎಲ್ಲ ಹೊರಗಿನಿಂದಲೇ ಕಂಡಿತು. ಊರವರೆಲ್ಲ ನೋಡುತ್ತಿದ್ದರೂ ವಾರಗಿತ್ತಿಗೆ ನಾಚಿಕೆಯಾಗಲಿಲ್ಲ. ಸಂಜೆಗೆ ಎರಡನೆಯ ಅರ್ಧ ಬಂದು ಮೊದಲನೆಯದಕ್ಕೆ ಒತ್ತಿ ನಿಂತಿತು. ಮೂರನೇ ದಿನ ಅವಳ ಅಡುಗೆಮನೆಯಲ್ಲಿ ಹಾಲು ಉಕ್ಕಿತು.

ಎಲ್ಲರಿಗೂ ಪಾಯಸ ಕೊಟ್ಟಳು. ನಾನು ಬಟ್ಟಲು ಹಿಡಿದುಕೊಂಡು ಕೋಣೆ ಕೋಣೆ ನೋಡುವವಳಂತೆ ಓಡಾಡಿ, ಯಾರೂ ಇಲ್ಲದ ಕಡೆ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದೆ. ಡಬ್ ಎಂದಿತು, ಟೊಳ್ಳು ಶಬ್ದ. ಅಷ್ಟಕ್ಕೇ ಜೀವಕ್ಕೆ ತಂಪಾಯಿತು. ಆಮೇಲೆ ಅಡುಗೆಮನೆಗೆ ಹೋಗಿ ಆ ಕಿಟಕಿಯ ಮುಂದೆ ನಿಂತೆ. ಹೊರಗೆ ಮಗು ಬೆಕ್ಕಿನ ಮರಿಗೆ ಏನೋ ಹೇಳುತ್ತಿತ್ತು. ಹಸು ಮೆಲುಕು ಹಾಕುತ್ತಿತ್ತು. ಕಟ್ಟೆಯ ಮೇಲೆ ಬಿಸಿಲು ಬಿದ್ದಿತ್ತು. ಬಂದ ತಂಪು ಹೋಯಿತು.

ಮೊದಲ ಮಳೆಗೆ ಕಾದೆ. ಮಳೆ ಬಂತು, ಆ ಮನೆ ಸೋರಿತು. ಎರಡು ಅರ್ಧ ಕೂಡಿದ ಜಾಗದಲ್ಲಿ ಸಣ್ಣಗೆ ತೊಟ್ಟಿಕ್ಕಿ ನಡುಮನೆಯಲ್ಲಿ ಪಾತ್ರೆ ಇಡಬೇಕಾಯಿತು. ಬೆಳಿಗ್ಗೆ ಅವಳೇ ನಗುತ್ತ ಬಂದು ಹೇಳಿದಳು. ನಾನು ಅಯ್ಯೋ ಎಂದೆ. ಅಷ್ಟು ಚೆನ್ನಾಗಿ ಅಯ್ಯೋ ಎಂದದ್ದು ನನಗೇ ಆಶ್ಚರ್ಯ. ನಾನು ಕೆಲಸ ಮಾಡುವ ಹುತ್ತೂರಿನ ಶಾಲೆಯಲ್ಲಿ ಆ ದಿನ ಎಂದೂ ಇಲ್ಲದ ಉತ್ಸಾಹದಿಂದ ಪಾಠ ಮಾಡಿದೆನಂತೆ. ಜೊತೆಯ ಟೀಚರೊಬ್ಬರು, ಏನು ಮೇಡಂ ಖುಷಿಯಾಗಿದ್ದೀರಿ ಎಂದು ಕೇಳಿದರು. ಆ ವಾರವೇ ಕಂಪನಿಯವರು ಬಂದು, ಕೂಡಿದ ಜಾಗಕ್ಕೆ ರಬ್ಬರಿನಂಥ ಪಟ್ಟಿ ಹಾಕಿ ಮೇಲೊಂದು ತಗಡು ಮುಚ್ಚಿ ಹೋದರು. ಆಮೇಲೆ ಎಷ್ಟು ಜೋರು ಮಳೆ ಬಂದರೂ ಸೋರಲಿಲ್ಲ. ಮಾಡಿನ ಮೇಲೆ ಮಳೆಯ ಸದ್ದು ಮಾತ್ರ ಜೋರು, ಒಬ್ಬರ ಮಾತು ಒಬ್ಬರಿಗೆ ಕೇಳಿಸದು.

ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟವರು ನಮ್ಮತ್ತೆ. ಶುರುವಿನಲ್ಲಿ ಅವರು ಆ ಮನೆಯೊಳಕ್ಕೆ ಕಾಲಿಡಲಿಲ್ಲ. ನೆಲದ ಕೆಳಗೆ ಬಯಲು, ಅದೇನು ಮನೇನಾ ಬಸ್ಸಾ ಎಂದು ಬೈದರು. ಬೇಸಿಗೆ ಬಂತು. ನಮ್ಮ ಮೋಲ್ಡು ಹಗಲೆಲ್ಲ ಬಿಸಿಲು ಕುಡಿದು ಒಳಗೆ ಕಕ್ಕುತ್ತಿತ್ತು, ಫ್ಯಾನು ಹಾಕಿದರೆ ಬಿಸಿಗಾಳಿ. ಒಂದು ಮಧ್ಯಾಹ್ನ ಮೊಮ್ಮಗಳನ್ನು ನೋಡಲೆಂದು ಆ ಮನೆಗೆ ಹೋದವರು ಅಲ್ಲೇ ಚಾಪೆಯ ಮೇಲೆ ನಿದ್ದೆ ಹೋದರು. ಮರುದಿನವೂ ಹೋದರು. ನಾನು ಶಾಲೆಯಿಂದ ಬರುವ ಹೊತ್ತಿಗೆ ನಮ್ಮ ಮನೆಗೆ ಬೀಗ, ಪಕ್ಕದಲ್ಲಿ ಅತ್ತೆ-ಸೊಸೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಮಾತಾಡುತ್ತಿರುವ ಸದ್ದು.

ಒಂದು ದಿನ ತಡೆಯಲಾರದೆ ಕೇಳಿದೆ. "ಯಾಕತ್ತೆ, ನಮ್ಮನೇಲಿ ನಿಮ್ಗೇನು ಕಡ್ಮೆಯಾಗಿದೆ?"

"ಕಡ್ಮೆ ಏನಿಲ್ಲ ಕಣೇ. ಅಲ್ಲಿ ತಣ್ಣಗಿರ್ತದೆ, ಅಷ್ಟೇ" ಎಂದರು. ಆಮೇಲೆ "ಬಚ್ಲಲ್ಲಿ ಹಿಡ್ಕೊಳಕ್ಕೆ ಒಂದು ಕಂಬಿ ಹಾಕ್ಸವ್ಳೆ ನಂಗೋಸ್ಕರ" ಎಂದು ಸೇರಿಸಿದರು.

ನಮ್ಮ ಬಚ್ಚಲಿಗೂ ಒಂದು ಕಂಬಿ ಹಾಕಿಸಬಹುದಿತ್ತು. ನನಗೆ ಹೊಳೆದಿರಲಿಲ್ಲ. ಆ ಸಂಜೆ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತ ನಾನು ಅತ್ತದ್ದನ್ನು ಯಾರೂ ನೋಡಲಿಲ್ಲ. ನೋಡಲು ಅಲ್ಲಿ ಕಿಟಕಿಯೇ ಇರಲಿಲ್ಲ.

ಅದಾದ ಮೇಲೆ ರಸ್ತೆ ಅಗಲ ಮಾಡುವವರು ಬಂದರು. ಮಾಡುತ್ತಾರಂತೆ ಎಂಬ ಸುದ್ದಿ ಬಹಳ ದಿನದಿಂದ ಇತ್ತು, ಯಾರೂ ನಂಬಿರಲಿಲ್ಲ. ಒಂದು ಬೆಳಿಗ್ಗೆ ಟೇಪು ಹಿಡಿದು ಅಳೆದು, ನಮ್ಮ ನಡುಮನೆಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದರು. ಗುರುತಿನ ಆಚೆಗಿದ್ದದ್ದೆಲ್ಲ ರಸ್ತೆಗೆ: ಸಿಟೌಟು, ಮುಂದಿನ ಕೋಣೆ, ಅರ್ಧ ನಡುಮನೆ, ನಮ್ಮತ್ತೆ ಗೃಹಪ್ರವೇಶದ ದಿನ ನಿಂತಿದ್ದ ಬಾಗಿಲು. ವಾರಗಿತ್ತಿಯ ಮನೆಯೂ ಅರ್ಧಕ್ಕಿಂತ ಹೆಚ್ಚು ಗುರುತಿನ ಆಚೆಗೇ ಬಂತು.

ಅವಳ ಮನೆಯೂ ಹೋಗುತ್ತದೆ ಎಂದು ತಿಳಿದಾಗ ನನ್ನ ದುಃಖ ಸ್ವಲ್ಪ ಕಡಿಮೆಯಾಯಿತು. ಬರೆಯಲು ಸಂಕೋಚವಾಗುತ್ತದೆ, ಆದರೆ ಆದದ್ದು ಹಾಗೆಯೇ. ಇಬ್ಬರದೂ ಹೋದರೆ ಇಬ್ಬರೂ ಒಂದೇ. ಸಮಾಧಾನ ಮಾಡಲೆಂದು ಅವಳ ಮನೆಗೆ ಹೋದೆ. ಅವಳು ಹೊಲದ ಕಡೆ ನೋಡುತ್ತ ನಿಂತಿದ್ದಳು.

"ಎಲ್ಲಾ ಹೋಯ್ತಲ್ಲೇ" ಎಂದೆ.

"ಅದೇಂ ಲೇದಕ್ಕಾ" ಎಂದಳು, ಹಾಗೇನಿಲ್ಲ ಎನ್ನಲು ಅವಳಿಗೆ ಬಾಯಿಗೆ ಬರುತ್ತಿದ್ದ ತೆಲುಗು. "ಬೋಲ್ಟ್ ಬಿಚ್ಚಿ ಹಿಂದಕ್ಕೆ ಇಟ್ಕೊತೀವಿ. ಸೊಪ್ಪಿನ ತೋಟದ ಅಂಚಿಗೆ. ಫೋನ್ ಮಾಡಿ ಕೇಳ್ದೆ, ಆಗ್ತದಂತೆ."

ಮನೆಯನ್ನು ಎತ್ತಿ ಬೇರೆ ಕಡೆ ಇಡಬಹುದು ಎಂಬುದು ಮಾಲೂರಿನಲ್ಲಿ ನಾನೂ ಕೇಳಿಸಿಕೊಂಡಿದ್ದೆ. ಲಾರಿಯಲ್ಲಿ ಬಂದದ್ದು ಲಾರಿಯಲ್ಲಿ ಹೋಗುತ್ತದೆ ಎಂದು ಆಗ ಗೇಲಿ ಮಾಡಿದ್ದೆ ಕೂಡ.

ತೋಟದ ಅಂಚಿನಲ್ಲಿ ಮತ್ತೆ ಗಿಡ್ಡ ಕಂಬಗಳು ಎದ್ದವು. ನೀರಿನ ಪೈಪು, ಕರೆಂಟು ಬಿಡಿಸಿದರು. ಕ್ರೇನು ಬಂದು ಮೊದಲು ಒಂದರ್ಧ, ಆಮೇಲೆ ಇನ್ನೊಂದರ್ಧ ಎತ್ತಿಕೊಂಡು ಹೋಗಿ ಇಟ್ಟಿತು. ನಡುವೆ ಒಂದು ಹಲಗೆ ಸೀಳಿತು, ಬಚ್ಚಲಿನ ಎರಡು ಟೈಲ್ಸ್ ಬಿರುಕು ಬಿಟ್ಟವು. ಹೋದದ್ದು ಅಷ್ಟೇ. ನಮ್ಮ ಮನೆಗೆ ಬಂದದ್ದು ಜೆಸಿಬಿ. ಅದರ ಕೈ ಮೇಲೆ ಎದ್ದು ಸಿಟೌಟಿನ ಮೋಲ್ಡಿನ ಮೇಲೆ ಬಿದ್ದಾಗ ಯಜಮಾನರು ಪಕ್ಕದ ರಾಗಿ ಹೊಲದ ಕಡೆ ನಡೆದುಬಿಟ್ಟರು. ನಾನು ಕದಲದೆ ನಿಂತು ನೋಡಿದೆ. ಇಟ್ಟಿಗೆ ಒಡೆದಾಗ ಒಳಗೆ ಅಷ್ಟು ಕೆಂಪಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಉಳಿದ ಅರ್ಧ ಮನೆಗೆ ಮುಂದೆ ಗೋಡೆಯಿಲ್ಲ, ಧೂಳು, ಕಬ್ಬಿಣದ ಸರಳು ಹೊರಗೆ ಚಾಚಿಕೊಂಡಿತ್ತು. ವಾರಗಿತ್ತಿ ಬಂದು ನಮ್ಮ ಹಾಸಿಗೆ, ಪಾತ್ರೆ ಎಲ್ಲ ತನ್ನ ಮನೆಗೆ ಸಾಗಿಸಿದಳು. ಬೇಡವೆಂದರೂ ಕೇಳಲಿಲ್ಲ. ಹಾಗೆ ನಾವು ಡಬ್ಬಿ ಮನೆ ಸೇರಿದೆವು.

ಅಲ್ಲಿದ್ದ ದಿನಗಳಲ್ಲಿ ಆ ಮನೆಯ ಒಳಹೊರಗು ನನಗೆ ಗೊತ್ತಾಯಿತು. ಯಾರಾದರೂ ಜೋರಾಗಿ ನಡೆದರೆ ನೆಲ ಸಣ್ಣಗೆ ಗುಂಯ್‌ಗುಡುತ್ತದೆ. ಒಂದು ಕೋಣೆಯ ಮಾತು ಇನ್ನೊಂದಕ್ಕೆ ಕೇಳಿಸುತ್ತದೆ, ಗಂಡ ಹೆಂಡತಿ ಜಗಳವಾಡುವಂತಿಲ್ಲ. ಮಾಡಿನ ಮೇಲೆ ಹೋಗಿ ಹಪ್ಪಳ ಒಣಗಿಸುವಂತಿಲ್ಲ. ನನ್ನ ಹತ್ತಿರ ದೂರುಗಳ ಸರಮಾಲೆಯೇ ಇತ್ತು. ಆದರೆ ದಿನಾ ಬೆಳಿಗ್ಗೆ ಕಾಫಿ ಮಾಡಲು ಆ ಕಿಟಕಿಯ ಮುಂದೆ ನಿಂತರೆ ಒಂದು ದೂರೂ ನೆನಪಿಗೆ ಬರುತ್ತಿರಲಿಲ್ಲ. ಹೊಸ ಜಾಗದಲ್ಲಿ ಕಿಟಕಿ ಸೊಪ್ಪಿನ ತೋಟಕ್ಕೆ ತೆರೆದಿತ್ತು. ಎಳೆಯ ಬಿಸಿಲಲ್ಲಿ ಹಸಿರು ಎಲೆಗಳು, ಅದರಾಚೆ ಬಂಡೆಗಳ ಗುಡ್ಡ. ನನಗಿಂತ ಕುಳ್ಳಗಿನವಳ ಅಳತೆಗೆ ಇಟ್ಟ ಕಿಟಕಿಯಾದ್ದರಿಂದ ನಾನು ಸ್ವಲ್ಪ ಬಗ್ಗಿ ನೋಡಬೇಕಿತ್ತು. ಬಗ್ಗಿಯೇ ನೋಡುತ್ತಿದ್ದೆ.

ಒಂದು ಭಾನುವಾರ ಹಾಗೆ ನೋಡುತ್ತಿದ್ದಾಗ ಅವಳು ಸೊಪ್ಪಿನ ಹೊರೆ ಇಳಿಸಿ ಒಳಗೆ ಬಂದಳು. ನಾನು ತಿರುಗಲಿಲ್ಲ.

"ನಂಗೆ ನಿನ್ ಮೇಲೆ ತುಂಬಾ ಹೊಟ್ಟೆಕಿಚ್ಚು ಕಣೇ" ಎಂದೆ. ಹೇಗೆ ಬಾಯಿಂದ ಬಂತೋ.

ಅವಳು ಕೈ ತೊಳೆದುಕೊಂಡಳು. "ಗೊತ್ತಕ್ಕಾ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಂಗೂ ನಿಮ್ ಮೇಲೆ ಇತ್ತು. ನಿಮ್ ಮನೆ ಕಟ್ಟೋವಾಗ ನೀವು ಸ್ಕೂಲಿಗೆ ಹೋಗ್ತಿದ್ರಿ. ಗೋಡೆಗೆ, ಮೋಲ್ಡಿಗೆ ನೀರು ಹಾಕ್ತಿದ್ದೋಳು ನಾನು. ಬೆಳಿಗ್ಗೆ ಸಂಜೆ. ಒಂದೊಂದ್ಸಲ ಅನ್ನಿಸ್ತಿತ್ತು, ನೀರು ಹಾಕ್ದೇ ಇರೋಣ, ಬಿರುಕು ಬಿಡ್ಲಿ ಅಂತ."

"ಹಾಕ್ದೇ ಇದ್ಯಾ?"

"ಇಲ್ಲಕ್ಕಾ. ಹಾಕ್ದೆ. ಬೈಕೊಂಡು ಹಾಕ್ದೆ."

ನಾನು ತಿರುಗಿ ಅವಳ ಮುಖ ನೋಡಿದೆ. ನಗು ಬಂತು, ಇಬ್ಬರಿಗೂ. ಪಕ್ಕದ ಕೋಣೆಯಿಂದ ನಮ್ಮತ್ತೆ, ಏನದು ನಗೋದು ಎಂದು ಕೇಳಿದರು. ಆ ಗೋಡೆಗಳಲ್ಲಿ ಗುಟ್ಟು ನಿಲ್ಲುವುದಿಲ್ಲ. ಏನಿಲ್ಲ ಎಂದೆವು. ನಕ್ಕು ಮುಗಿದ ಮೇಲೆ ಹೊಟ್ಟೆಕಿಚ್ಚು ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಹೋಗಲಿಲ್ಲ. ಅದು ಮನೆಯ ಮೇಲಿನ ಆಸೆಯಲ್ಲ, ಅವಳನ್ನು ಒಬ್ಬರು ಕೇಳಿದರಲ್ಲ, ಅವಳು ಉತ್ತರ ಕೊಟ್ಟಳಲ್ಲ, ಅದರ ಮೇಲಿನದು ಎಂದು ಮಾತ್ರ ನನಗೆ ತಿಳಿಯಿತು.

ಕಡಿದ ಮುಂಭಾಗಕ್ಕೆ ಬದಲಾಗಿ ಮನೆಯ ಪಕ್ಕಕ್ಕೆ ಕೋಣೆ ಕಟ್ಟುವ ಮಾತು ಬಂದಾಗ ನಾನು ಮಾಲೂರಿಗೆ ಫೋನ್ ಮಾಡಿಸಿದೆ. ಕಡಿದ ಮನೆಗೆ ಕಾರ್ಖಾನೆಯ ಎರಡು ಕೋಣೆ ಅಂಟಿಸಲು ಬರುತ್ತದೆಯೇ ಎಂದು ಕೇಳುವ ಆಸೆ ನನಗೆ. ಅದೇ ಇಂಜಿನಿಯರ್ ಹುಡುಗಿ ಬಂದು ನೋಡಿದಳು. ಪಕ್ಕದಲ್ಲಿ ಬೇರೆಯಾಗಿ ನಿಲ್ಲಿಸಬಹುದು, ಹಳೆಯ ಮೋಲ್ಡಿಗೆ ಸೇರಿಸಿದರೆ ಒಂದಲ್ಲ ಒಂದು ದಿನ ಕೂಡಿದ ಜಾಗದಲ್ಲಿ ಬಾಯಿ ಬಿಡುತ್ತದೆ, ಎರಡರ ಭಾರವೂ ಬೇರೆ, ಹಿಗ್ಗುವುದು ಕುಗ್ಗುವುದೂ ಬೇರೆ ಎಂದಳು. ರಸ್ತೆಗೆ ಹೋದ ಮೇಲೆ ಬೇರೆಯಾಗಿ ನಿಲ್ಲಿಸುವಷ್ಟು ಜಾಗ ನಮಗೆ ಉಳಿದಿರಲಿಲ್ಲ. ಹಾಗಾಗಿ ಮತ್ತೆ ಇಟ್ಟಿಗೆ, ಮತ್ತೆ ಮರಳು, ಮತ್ತೆ ಅದೇ ಮೇಸ್ತ್ರಿ.

ಈ ಸಲ ಗೋಡೆ ಏಳುವ ಮೊದಲು ನಾನು ಯಜಮಾನರಿಗೆ, ಅಡುಗೆಮನೆ ಹಳೆಯ ಜಾಗದಲ್ಲಿ ಬೇಡ, ಹೊಸ ಕೋಣೆಗೆ ಬರಲಿ ಎಂದೆ. ಅವರು ಆಗ್ನೇಯದ ಮಾತು ತೆಗೆದರು. ಆಗ್ನೇಯದಲ್ಲಿ ಇಷ್ಟು ವರ್ಷ ಕತ್ತಲಲ್ಲಿ ನಿಂತವಳು ನಾನು, ಇನ್ನು ನಿಲ್ಲುವುದಿಲ್ಲ ಎಂದೆ. ಜೋರಾಗಿ ಹೇಳಲಿಲ್ಲ. ಅವರು, ಮೊದಲೇ ಹೇಳಬಾರದಿತ್ತಾ ಎಂದರು. ಮೊದಲು ಕೇಳಬಾರದಿತ್ತಾ ಎಂದು ನಾನು ಅನ್ನಲಿಲ್ಲ. ಮೇಸ್ತ್ರಿಯನ್ನು ಕರೆದು, ನಿಂತು, ತೋರಿಸಿದೆ. ಶಾಲೆಗೆ ಒಂದು ವಾರ ರಜೆ ಹಾಕಿ ಗೋಡೆಯ ಪಕ್ಕದಲ್ಲೇ ಇದ್ದೆ. ನನ್ನ ಎದೆಯ ಮಟ್ಟಕ್ಕೆ ಒಂದು ಅಗಲವಾದ ಕಿಟಕಿ ಬಂತು. ಗೋಡೆಗೆ, ಮೋಲ್ಡಿಗೆ ನಾನೇ ನೀರು ಹಾಕಿದೆ. ವಾರಗಿತ್ತಿ ಬಿಂದಿಗೆ ಹಿಡಿದು ಬಂದರೆ, ನೀನು ಬೇಡ, ನಿನ್ನನ್ನು ನಂಬುವಂತಿಲ್ಲ ಎಂದು ಕಳಿಸಿದೆ.

ಆ ಕಿಟಕಿಯಿಂದ ಕಾಣುವುದು ರಸ್ತೆ. ಟೊಮೆಟೊ ಕ್ರೇಟು ತುಂಬಿದ ಗಾಡಿಗಳು, ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಲಾರಿಗಳು, ದಿನವಿಡೀ ಧೂಳು. ಎರಡು ಹೊತ್ತು ಒರೆಸಿದರೂ ಗಾಜು ಮಂಕು. ಅವಳದರಿಂದ ತೋಟ ಕಾಣುತ್ತದೆ, ನನ್ನದರಿಂದ ಲಾರಿ. ಉರಿ ಬರುವುದಿಲ್ಲವೇ ಎಂದರೆ ಬರುತ್ತದೆ. ನಮ್ಮತ್ತೆ ಬೇಸಿಗೆಯಲ್ಲಿ ಈಗಲೂ ಆ ಮನೆಗೇ ಹೋಗುತ್ತಾರೆ. ಚಳಿ ಬಿದ್ದಾಗ ನಮ್ಮಲ್ಲಿ ಬೆಚ್ಚಗಿದೆಯೆಂದು ಬರುತ್ತಾರೆ. ನಮ್ಮ ಬಚ್ಚಲಲ್ಲೂ ಕಂಬಿ ಇದೆ. ಮಗುವಿನ ಉಬ್ಬಸ ಬಹಳ ಕಡಿಮೆಯಾಗಿದೆ, ಓಡಿದರೂ ಏದುಸಿರು ಬಿಡುವುದಿಲ್ಲ.

ಮೊನ್ನೆ ನಮ್ಮ ಶಾಲೆಗೆ ಹೊಸದಾಗಿ ಬಂದ ಗಣಿತದ ಟೀಚರು ಮನೆ ಕಟ್ಟುವ ಯೋಚನೆಯಲ್ಲಿದ್ದಾರೆಂದು ಗೊತ್ತಾಯಿತು. ಎರಡೂ ಬಗೆಯ ಮನೆ ಹತ್ತಿರದಿಂದ ನೋಡಿದವರು ನೀವೇ, ಯಾವುದು ಒಳ್ಳೆಯದು ಹೇಳಿ ಎಂದು ಕೇಳಿದರು. ಅವರನ್ನು ಊರಿಗೆ ಕರೆತಂದು ಎರಡನ್ನೂ ತೋರಿಸಿದೆ. ಗೋಡೆ ತಟ್ಟಿಸಿದೆ. ಮಳೆಯ ಸದ್ದಿನ ವಿಷಯ, ಸ್ಕ್ರೂ ವಿಷಯ, ಕೂಡಿದ ಜಾಗದಲ್ಲಿ ಸೋರಿದ ವಿಷಯ ಹೇಳಿದೆ. ಮೇಲೆ ಇನ್ನೊಂದು ಅಂತಸ್ತು ಬೇಕೆಂದರೆ ಮೊದಲೇ ಹೇಳಬೇಕು, ಲಾರಿ ಬರುವ ದಾರಿ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು ಎಂದೆ. ಇಟ್ಟಿಗೆ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನ ಹೇಗಿರುತ್ತದೆಂದೂ ಮುಚ್ಚಿಡಲಿಲ್ಲ. ವಾರಗಿತ್ತಿ ಕಾಫಿ ಕೊಟ್ಟಳು. ಟೀಚರು ಲೋಟ ಹಿಡಿದುಕೊಂಡು ಬಹಳ ಹೊತ್ತು ಆ ಅಡುಗೆಮನೆಯಲ್ಲೇ ನಿಂತರು. ಅವರು ಯಾವುದನ್ನು ಆರಿಸುತ್ತಾರೆಂದು ಮುಖ ನೋಡಿದಾಗಲೇ ನನಗೆ ಗೊತ್ತಾಯಿತು.

ಅವರ ಜಾಗ ಮುಳಬಾಗಿಲಿನ ಹತ್ತಿರ, ನನ್ನ ತವರಿನ ಕಡೆಯೇ. ಗುಡ್ಡದ ಬುಡದಲ್ಲಿದೆಯಂತೆ, ಸುತ್ತ ಬಯಲು, ಬೇಕಾದ ಕಡೆ ಕಿಟಕಿ ಇಟ್ಟುಕೊಳ್ಳಬಹುದಂತೆ. ಹೋದ ವಾರ ಮಾಲೂರಿಗೆ ಹೋಗಿ ಬಂದರು. ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತ, ಕಿಟಕಿಯ ಕೆಳಗೆ ಕೂತು ಓದಲು ತಾನು ಒಂದು ಕಟ್ಟೆಯನ್ನೂ ಕೇಳಿದ್ದಾಗಿ, ಕಂಪನಿಯವರು ಆಗುತ್ತದೆ ಎಂದದ್ದಾಗಿ ಹೇಳಿಕೊಂಡು ಸಂತೋಷಪಟ್ಟರು. ಬಹಳ ಒಳ್ಳೆಯದಾಯಿತು ಎಂದೆ. ಕಿಟಕಿಯ ಕೆಳಗೆ ಓದುವ ಕಟ್ಟೆ. ನನಗೆ ಅದು ಹೊಳೆದಿರಲೇ ಇಲ್ಲ. ಆ ದಿನ ನಾನು ಊಟ ಅರ್ಧಕ್ಕೇ ಬಿಟ್ಟು ಎದ್ದೆ.